ಕಸದ ಗಾಡಿಯ ಸ್ವೆಟರ್

ನಮ್ಮ ಚಿಕ್ಕಮ್ಮ ತಮ್ಮ ಜೀವಮಾನದಲ್ಲಿ ಹೆಣೆದು ಮುಗಿಸಿರುವುದು ಒಂದೇ ಒಂದು ಸ್ವೆಟರ್. ಹಾಗೆಂದ ಮಾತ್ರಕ್ಕೆ ಅವರಿಗೆ ಹೆಣಿಗೆ ಬರುವುದಿಲ್ಲವೆಂದು ತಿಳಿದೀರಿ, ಜೋಕೆ! ಅವರ ಹೆಣಿಗೆ ಕಂಡರೆ ಮಿಷನ್ನೂ ನಾಚಿಕೊಳ್ಳಬೇಕು. ತೊಂದರೆ ಏನೆಂದರೆ, ಹೆಣೆಯುವುದರಲ್ಲಿ ಎಷ್ಟು ಗಟ್ಟಿಗರೋ ಬಿಚ್ಚುವುದರಲ್ಲಿ ಅದಕ್ಕಿಂತ ಒಂದು ಕೈ ಮೇಲು. ಆ ಒಂದು ಸ್ವೆಟರಿಗೆ ಅವರು ಕಡ್ಡಿ ಹಿಡಿದಾಗ ನನ್ನ ಮಗಳು ತೊಟ್ಟಿಲಲ್ಲಿದ್ದಳು. ಮುಗಿಸುವ ಹೊತ್ತಿಗೆ ಹಾಲುಹಲ್ಲು ಬಿದ್ದು ಎರಡನೇ ಕ್ಲಾಸಿಗೆ ಹೋಗುತ್ತಿದ್ದಳು. ಈ ನಡುವೆ ಕೆ.ಆರ್. ಪುರಕ್ಕೆ ಮೆಟ್ರೋ ಕೂಡ ಬಂತು. ಮೆಟ್ರೋ ತಡ, ಮೆಟ್ರೋ ತಡ ಎಂದು ಊರೆಲ್ಲ ಗೊಣಗುತ್ತಿದ್ದಾಗ ನಾನು ಮಾತ್ರ ಸುಮ್ಮನಿರುತ್ತಿದ್ದೆ. ತಡ ಎಂದರೆ ಏನೆಂದು ನಮ್ಮ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಚಿಕ್ಕಮ್ಮ ಅಂದರೆ ನನ್ನ ತಾಯಿಯ ತಂಗಿ. ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ರಾಮಮೂರ್ತಿ ನಗರದಲ್ಲಿ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಕಾರ್ಖಾನೆಯಲ್ಲಿ ಅವರ ಕೆಲಸ ತಪ್ಪು ಹುಡುಕುವುದು. ಬೇರೆಯವರು ಮಾಡಿದ ಮಾಲನ್ನು ಬೆಳಕಿಗೆ ಹಿಡಿದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೂ ವಾಪಸ್ ಕಳಿಸುವುದು. ಇಂಥ ಕೆಲಸಕ್ಕೆ ಸಂಬಳ ಬೇರೆ ಕೊಡುತ್ತಾರಲ್ಲ ಎಂದು ಅವರಿಗೆ ಕೊನೆಯವರೆಗೂ ಆಶ್ಚರ್ಯವಂತೆ. ಯಾಕೆಂದರೆ ಮನೆಯಲ್ಲಿ ಅದನ್ನು ಅವರು ಪುಕ್ಕಟೆಯಾಗಿ ಮಾಡುತ್ತಿದ್ದರು! ಮದುವೆ ಯಾಕೆ ಆಗಲಿಲ್ಲ ಚಿಕ್ಕಮ್ಮ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ.

"ಬಂದೋರು ಯಾರೂ ಅಳತೆಗೆ ಸರಿ ಇರ್ಲಿಲ್ಲ ಕಣೇ" ಅಂದರು.

ಅದು ತಮಾಷೆಯೋ ನಿಜವೋ ನನಗೆ ಇವತ್ತಿಗೂ ತಿಳಿದಿಲ್ಲ.

ಅಳತೆಯ ವಿಷಯ ಬಂದರೆ ಚಿಕ್ಕಮ್ಮನಿಗೆ ಮೈಮೇಲೆ ಬಂದಂತೆ ಆಗುತ್ತದೆ. ನಮ್ಮ ಕಡೆ ಮಕ್ಕಳಿಗೆ ಬಟ್ಟೆ ಕೊಳ್ಳುವ ಪದ್ಧತಿ ನಿಮಗೆ ಗೊತ್ತೇ ಇದೆ. "ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ತಗೊಳ್ಳಿ" ಎಂದು ಅಂಗಡಿಯವನು ಹೇಳುತ್ತಾನೆ; ನಾವು ಎರಡು ಸೈಜ್ ದೊಡ್ಡದು ತರುತ್ತೇವೆ. ನಾವೆಲ್ಲ ಹಾಗೇ ಬೆಳೆದವರಲ್ಲವೇ? ಹೊಸತಿದ್ದಾಗ ಅಂಗಿ ನಮ್ಮನ್ನು ನುಂಗುತ್ತಿತ್ತು, ಮೈಗೆ ಹೊಂದುವ ಹೊತ್ತಿಗೆ ಬಣ್ಣ ಹೋಗಿರುತ್ತಿತ್ತು. ನನ್ನ ಮಗಳ ನಾಮಕರಣದ ದಿನ ಯಾರೋ ನೆಂಟರು ಒಂದು ಫ್ರಾಕ್ ತಂದುಕೊಟ್ಟರು. ಮಗುವನ್ನು ಅದರೊಳಗಿಟ್ಟರೆ ಮತ್ತೆ ಹುಡುಕಬೇಕು, ಅಷ್ಟು ದೊಡ್ಡದು. "ಬೆಳೆಯೋ ಮಗು ಅಲ್ವಾ" ಎಂದು ಅವರು ನಕ್ಕರು. ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಚಿಕ್ಕಮ್ಮ ಪಾಯಸವನ್ನು ಅಲ್ಲಿಗೇ ಬಿಟ್ಟು ಎದ್ದುಬಿಟ್ಟರು. ನಾನು ಹಿಂದೆಯೇ ಓಡಿದೆ.

"ನಮ್ಮಮ್ಮ ನಂಗೆ ಒಂದನೇ ಕ್ಲಾಸಿಗೆ ಅಂತ ಒಂದು ನೀಲಿ ಸ್ವೆಟರ್ ಹೆಣೆದಿದ್ಲು" ಎಂದು ಚಿಕ್ಕಮ್ಮ ಕೈ ತೊಳೆಯುತ್ತ ಶುರು ಮಾಡಿದರು. "ಮೊಣಕಾಲಿಗೆ ಬರ್ತಿತ್ತು. ತೋಳು ಮೂರು ಸುತ್ತು ಮಡಚ್ಬೇಕಿತ್ತು. ಹಲಸೂರು ಸ್ಕೂಲಲ್ಲಿ ಎಲ್ರೂ ನನ್ನ ಕಂಬಳಿ ಹುಳ ಅಂತ ಕರೆಯೋರು. ಅದೇ ಸ್ವೆಟರು ಏಳನೇ ಕ್ಲಾಸಲ್ಲಿ ಹೊಕ್ಕಳಿಗೆ ಬಂದಿತ್ತು. ಮಧ್ಯೆ ಯಾವಾಗ್ಲೋ ಒಂದು ವರ್ಷ ಮೈಗೆ ಸರಿಯಾಗಿದ್ದಿರ್ಬೇಕು. ಆ ವರ್ಷ ಮೊಣಕೈ ತೂತಾಗಿತ್ತು. ಹೆಣಿಗೆ ಬರ್ತಿತ್ತು ನಮ್ಮಮ್ಮಂಗೆ, ಅಳತೆ ಬರ್ತಿರ್ಲಿಲ್ಲ."

ಆ ಅಮ್ಮ ಎಂದರೆ ನನ್ನ ಅಜ್ಜಿ. ನಾನು ಅವರನ್ನು ಕಂಡವಳಲ್ಲ. ಹೆಣ್ಣುಮಕ್ಕಳಿಬ್ಬರೂ ಸಣ್ಣವರಿದ್ದಾಗಲೇ ಕೆಮ್ಮಿ ಕೆಮ್ಮಿ ಹೋಗಿಬಿಟ್ಟರಂತೆ. ತೀರಿಹೋದ ತಾಯಿಯ ಮೇಲೆ ಒಂದು ಸ್ವೆಟರಿಗಾಗಿ ಯಾರಾದರೂ ಇಷ್ಟು ವರ್ಷ ಸಿಟ್ಟು ಇಟ್ಟುಕೊಳ್ಳುತ್ತಾರೆಯೇ? ಚಿಕ್ಕಮ್ಮ ಇಟ್ಟುಕೊಂಡಿದ್ದರು, ಅದೂ ನಿನ್ನೆ ಮೊನ್ನೆಯ ಸಿಟ್ಟಿನ ಹಾಗೆ.

"ನಿನ್ನ ಮಗಳಿಗೆ ನಾನು ಹೆಣೀತೀನಿ" ಎಂದರು. "ಎದೆ ಮೇಲೆ ಬಣ್ಣಬಣ್ಣದ ಚಿತ್ರ ಇರ್ಬೇಕು. ಹಾಕಿದ ದಿನವೇ ಮೈಗೆ ಸರಿಯಾಗಿ ಕೂತ್ಕೋಬೇಕು. ಅವಳು ಅದನ್ನ ಹಾಕ್ಕೊಂಡು ಓಡೋದನ್ನ ನಾನು ನೋಡ್ಬೇಕು. ಅಷ್ಟೇ ನಂಗೆ ಆಸೆ."

ಅಷ್ಟೇ ಆಸೆ! ಆದರೆ ಅದರಲ್ಲಿ ಒಂದು ತೊಡಕಿತ್ತು. ಚಿಕ್ಕಮ್ಮ ನಿಧಾನವಾಗಿ ಹೆಣೆಯುತ್ತಿದ್ದರು, ಮಗಳು ಬೇಗ ಬೆಳೆಯುತ್ತಿದ್ದಳು.

ಮೊದಲು ಹೆಣೆದದ್ದು ಆನೆ. ಬೂದು ಆನೆ, ಬೆನ್ನಿನ ಮೇಲೆ ಕೆಂಪು ಜೂಲು, ಹಿಂದೆ ಹಳದಿ ನೆಲ. ಗ್ರಾಫ್ ಹಾಳೆಯಲ್ಲಿ ಒಂದೊಂದು ಚೌಕಕ್ಕೂ ಬಣ್ಣ ತುಂಬಿ, ಅದನ್ನು ನೋಡಿಕೊಂಡು ಒಂದೊಂದೇ ಕುಣಿಕೆ ಹಾಕಿದ್ದರು. ಎಷ್ಟು ಚೆನ್ನಾಗಿತ್ತೆಂದರೆ ಆನೆಯ ಕಣ್ಣು ನಮ್ಮನ್ನೇ ನೋಡುವಂತಿತ್ತು. ಒಂದು ತೋಳು ಬಾಕಿಯಿದ್ದಾಗ ಮಗುವಿನ ಎದೆಗೆ ಹಿಡಿದು ನೋಡಿದರು. "ಒಂದು ಬೆರಳು ಸಾಲ್ದು" ಎಂದವರೇ ದಾರದ ತುದಿ ಹಿಡಿದು ಎಳೆದರು. ಬೇಡ ಬೇಡ ಎಂದು ನಾವೆಲ್ಲ ಬೇಡಿಕೊಂಡೆವು. ನಮ್ಮ ಕಣ್ಣೆದುರೇ ಆನೆ ಬೆನ್ನಿನಿಂದ ಪಾದದವರೆಗೆ ಸರಸರನೆ ಕರಗಿಹೋಯಿತು. ಬಿಚ್ಚಿದ ಉಲ್ಲನ್ ಸುಕ್ಕುಸುಕ್ಕಾಗಿರುತ್ತದಲ್ಲ, ಅದನ್ನು ನೆಟ್ಟಗೆ ಮಾಡಲು ಇಡ್ಲಿ ಪಾತ್ರೆಯ ಹಬೆಯ ಮೇಲೆ ಹಿಡಿದರು. ಅವತ್ತು ನಮ್ಮ ಇಡ್ಲಿಯಲ್ಲಿ ಒಂದು ಬೂದು ಕೂದಲು ಸಿಕ್ಕಿತು. ಆನೆಯದೇ ಇರಬೇಕು ಎಂದು ತೆಗೆದಿಟ್ಟು ತಿಂದೆವು.

ಆಮೇಲೆ ಗಿಳಿ ಬಂತು. ಗಿಳಿಗೂ ಅದೇ ಗತಿ. ನನ್ನ ಯಜಮಾನರು ಪಾಪ, ಲೆಕ್ಕಾಚಾರದ ಮನುಷ್ಯ, ಒಂದು ಉಪಾಯ ಹೇಳಲು ಹೋದರು.

"ಚಿಕ್ಕಮ್ಮ, ನೀವು ಮುಗಿಸೋ ಹೊತ್ತಿಗೆ ಅವಳು ಎಷ್ಟು ಬೆಳೆದಿರ್ತಾಳೋ ಅಂದಾಜು ಮಾಡಿ, ಅಷ್ಟಕ್ಕೇ ಹೆಣೆದ್ರೆ ಆಯ್ತಲ್ಲ."

"ಅಂದಾಜಿಗೂ ಬೆಳೆಯೋ ಮಗು ಅನ್ನೋದಕ್ಕೂ ಏನು ವ್ಯತ್ಯಾಸ, ಹೇಳಿ."

ಯಜಮಾನರು ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೊರಟುಹೋದರು. ಮನೆಯಲ್ಲಿ ಕೊತ್ತಂಬರಿ ಸೊಪ್ಪು ಬೇಕಾದಷ್ಟಿತ್ತು.

ಹೀಗೆ ಪ್ರತಿ ಭಾನುವಾರ ಚಿಕ್ಕಮ್ಮ ಬಾಣಸವಾಡಿಯ ನಮ್ಮ ಮನೆಗೆ ಬರುವುದು ರೂಢಿಯಾಯಿತು. ಬೇರೆ ಅಜ್ಜಿಯರು ಬಂದರೆ ಮಗುವಿಗೆ ಮುತ್ತು ಕೊಡುತ್ತಾರೆ. ಇವರು ಬ್ಯಾಗಿನಿಂದ ಗಂಟು ಹಾಕಿದ ದಾರ ತೆಗೆದು ಮೊದಲು ಅಳತೆ ತೆಗೆಯುತ್ತಿದ್ದರು. ಅದೂ ಮಗು ಮಲಗಿದ್ದಾಗಲೇ ಆಗಬೇಕು. ಎದ್ದಿದ್ದರೆ ಹೊಟ್ಟೆ ಉಬ್ಬಿಸಿ ಮೋಸ ಮಾಡುತ್ತಾಳಂತೆ! ಅಳತೆ ಹೋದ ವಾರದ ಗಂಟನ್ನು ದಾಟಿದರೆ ನನ್ನ ಕಡೆ ತಿರುಗುತ್ತಿದ್ದರು.

"ಏನೇ ತಿನ್ನಿಸ್ತೀಯಾ ಇವಳಿಗೆ? ಹೋದ ವಾರ ಸರಿಯಾಗಿತ್ತು."

"ಅನ್ನ ತಿನ್ನಿಸ್ತೀನಿ ಚಿಕ್ಕಮ್ಮ, ಇನ್ನೇನು ತಿನ್ನಿಸ್ಲಿ."

"ಒಂದು ಹದಿನೈದು ದಿನ ಬೆಳೀಬೇಡ ಅಂತ ಹೇಳು. ತೋಳು ಮುಗಿಸ್ಕೊಂಡು ಬಿಡ್ತೀನಿ."

ಮಗಳಿಗೆ ಮೂರು ತುಂಬಿದಾಗ ಚಿಕ್ಕಮ್ಮ ಒಂದು ತಪ್ಪು ಮಾಡಿದರು. ಚಿತ್ರ ಯಾವುದು ಬೇಕು ಎಂದು ಅವಳನ್ನೇ ಕೇಳಿಬಿಟ್ಟರು. ನಾವೆಲ್ಲ ಚಿಟ್ಟೆ ಅನ್ನುತ್ತಾಳೆ, ಹೂವು ಅನ್ನುತ್ತಾಳೆ ಎಂದು ಕಾಯುತ್ತಿದ್ದೆವು. ಅವಳು ಒಂದು ಕ್ಷಣವೂ ತಡಮಾಡದೆ "ಕಸದ ಗಾಡಿ" ಅಂದಳು.

ಆಗ ಅವಳಿಗೆ ಲೋಕದಲ್ಲಿ ಅದಕ್ಕಿಂತ ದೊಡ್ಡ ವಸ್ತು ಇನ್ನೊಂದಿರಲಿಲ್ಲ. ಬೆಳಿಗ್ಗೆ ರಸ್ತೆಯ ತಿರುವಿನಲ್ಲಿ ಕಸದ ಆಟೋದ ಹಾಡು ಕೇಳಿದರೆ ಸಾಕು, ಬಾಯಲ್ಲಿದ್ದ ದೋಸೆಯನ್ನೂ ಬಿಟ್ಟು ಗೇಟಿಗೆ ಓಡುತ್ತಿದ್ದಳು. ದೊಡ್ಡವಳಾದ ಮೇಲೆ ಅದನ್ನೇ ಓಡಿಸುವವಳಿದ್ದಳು. ನಮ್ಮತ್ತೆಗೆ ಮಾತ್ರ ಇದು ಕೇಳಿ ತಲೆ ತಿರುಗಿತು.

"ಅಲ್ರೀ, ಹೆಣ್ಣುಮಗು ಎದೆ ಮೇಲೆ ಕಸದ ಗಾಡೀನಾ? ನಾಳೆ ಹಬ್ಬಕ್ಕೆ ಅದನ್ನ ಹಾಕ್ಕೊಂಡು ದೇವರ ಮುಂದೆ ನಿಲ್ಲಲ್ವಾ?"

"ನಿಲ್ಲಲಿ. ದೇವ್ರ ಮನೆ ಕಸನೂ ಅದ್ರಲ್ಲೇ ಹೋಗೋದು" ಅಂದರು ಚಿಕ್ಕಮ್ಮ. "ಮಗು ಏನು ಕೇಳ್ತೋ ಅದೇ."

ಅತ್ತೆ ಅವತ್ತು ಅವರಿಗೆ ಕಾಫಿಗೆ ಸಕ್ಕರೆ ಹಾಕಲಿಲ್ಲ. ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ ಇದ್ದದ್ದರಿಂದ ಅದು ಅವರ ಗಮನಕ್ಕೆ ಬರಲೂ ಇಲ್ಲ.

ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ನಾಲ್ಕಾರು ಹಸಿರು ದಾರದ ತುಂಡು ಹಿಡಿದು ನಮ್ಮ ಗೇಟಿನ ಮುಂದೆ ನಿಂತರು. ಫೋಟೋ ಹಿಡಿದುಕೊಡುತ್ತೇನೆ ಎಂದರೆ, ಫೋನು ಬಣ್ಣದ ವಿಷಯದಲ್ಲಿ ಸುಳ್ಳು ಹೇಳುತ್ತದೆ ಎಂದರು. ಗಾಡಿ ಬಂತು. ಚಿಕ್ಕಮ್ಮ ಕನ್ನಡಕ ಏರಿಸಿ ಒಂದೊಂದೇ ದಾರವನ್ನು ಗಾಡಿಯ ಮೈಗೆ ಹಿಡಿದು ನೋಡಿದರು, ಹಿಂದೆ ಹೋದರು, ಬಗ್ಗಿ ಚಕ್ರ ನೋಡಿದರು, ಗ್ರಾಫ್ ಹಾಳೆಯಲ್ಲಿ ಏನೋ ಗುರುತು ಹಾಕಿಕೊಂಡರು. ರಸ್ತೆಯವರೆಲ್ಲ ಬಕೆಟ್ ಹಿಡಿದು ನಿಂತಲ್ಲೇ ನಿಂತಿದ್ದರು. ಯಾರೋ ಪಾಲಿಕೆಯ ದೊಡ್ಡ ಆಫೀಸರಮ್ಮ ತಪಾಸಣೆಗೆ ಬಂದಿದ್ದಾರೆ ಎಂದು ಸುದ್ದಿ ಹಬ್ಬಿತು. ಆ ವಾರವಿಡೀ ನಮ್ಮ ರಸ್ತೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಬೇರೆಯಾಗಿ ಬಂದವು. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಆ ಹಸಿರು ಸಿಗಲು ಚಿಕ್ಕಮ್ಮ ಶಿವಾಜಿನಗರದ ಉಲ್ಲನ್ ಅಂಗಡಿಗೆ ಎಷ್ಟು ಸಲ ಅಲೆದರೋ! ಅಂಗಡಿಯ ಭಾಯಿ ವಯಸ್ಸಾದವರು, ಗಡ್ಡವೆಲ್ಲ ಬೆಳ್ಳಗೆ. ಇವರನ್ನು ಕಂಡ ತಕ್ಷಣ ಸ್ಟೂಲ್ ಎಳೆದು ಹಾಕುತ್ತಿದ್ದರು.

"ಏನಮ್ಮ, ಬಚ್ಚಿ ಕಾಲೇಜು ಸೇರಿತಾ?"

"ಇಲ್ಲ ಭಾಯಿ, ಇನ್ನೂ ಎಲ್‌ಕೆಜಿ."

"ಅಚ್ಛಾ. ಹಾಗಾದ್ರೆ ಟೈಮ್ ಇದೆ. ಮದುವೆ ಹೊತ್ತಿಗೆ ಆಗತ್ತೆ ಬಿಡಿ."

ಚಿಕ್ಕಮ್ಮ ಇದಕ್ಕೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಭಾಯಿ ಉಲ್ಲನ್ ತೂಗುವಾಗ ಒಂದೆಳೆಯೂ ಹೆಚ್ಚುಕಡಿಮೆ ಮಾಡುವುದಿಲ್ಲ, ಅಳತೆಯ ಮನುಷ್ಯ ಎಂದು ಅವರ ಬಗ್ಗೆ ಗೌರವವಿತ್ತು.

ಮೆಟ್ರೋ ಕಥೆಯನ್ನಂತೂ ಹೇಳಲೇಬೇಕು. ಶಿವಾಜಿನಗರಕ್ಕೆ ಹೋಗಲು ನಾವಿಬ್ಬರೂ ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿದ್ದೆವು. ಚಿಕ್ಕಮ್ಮ ಕೂತಲ್ಲೇ ತೋಳು ಹೆಣೆಯುತ್ತಿದ್ದರು. ಇಂದಿರಾನಗರ ಬರುವಾಗ ಹಳದಿ ಉಂಡೆ ತೊಡೆಯಿಂದ ಜಾರಿ ಉರುಳಿತು. ಹುಡುಗರೆಲ್ಲ ಮರ್ಯಾದೆಯಿಂದ ಕಾಲೆತ್ತಿ ದಾರಿ ಬಿಟ್ಟರು. ಉಂಡೆ ಯಾರ ಹಂಗೂ ಇಲ್ಲದೆ ಇಂದಿರಾನಗರದಲ್ಲಿ ಇಳಿದುಬಿಟ್ಟಿತು! ಬಾಗಿಲು ಮುಚ್ಚಿತು, ಗಾಡಿ ಹೊರಟಿತು. ಹಲಸೂರು ಬರುವಷ್ಟರಲ್ಲಿ ಚಿಕ್ಕಮ್ಮನ ಕೈಯಲ್ಲಿ ಬರೀ ಕಡ್ಡಿಗಳಿದ್ದವು. ನಾನು ಅಳುವುದೋ ನಗುವುದೋ ತಿಳಿಯದೆ ಅವರ ಮುಖ ನೋಡಿದೆ.

"ಹೋಗ್ಲಿ ಬಿಡು" ಎಂದರು ತಣ್ಣಗೆ. "ಹೆಂಗಿದ್ರೂ ಬಿಚ್ಚಬೇಕಿತ್ತು. ಅರ್ಧ ಬೆರಳು ಕಮ್ಮಿ ಇತ್ತು."

ಇದನ್ನೆಲ್ಲ ನೆಂಟರ ಮುಂದೆ ಹೇಳಿ ಹೇಳಿ ನಾವು ನಗುತ್ತಿದ್ದೆವು. ಮಗಳು ಮೊದಮೊದಲು "ಉಲ್ಲನ್ ಅಜ್ಜಿ, ನನ್ನ ಕಸದ ಗಾಡಿ ಎಲ್ಲಿ?" ಎಂದು ಪ್ರತಿ ಭಾನುವಾರ ಅವರ ಬ್ಯಾಗಿಗೆ ಕೈ ಹಾಕುತ್ತಿದ್ದಳು. ಆಮೇಲೆ ಯಾವಾಗಲಾದರೊಮ್ಮೆ ಕೇಳುತ್ತಿದ್ದಳು. ಆಮೇಲೆ ಕೇಳಲಿಲ್ಲ. ಬೆಳಿಗ್ಗೆ ಗಾಡಿಯ ಹಾಡು ಬಂದರೆ ಗೇಟಿಗೆ ಓಡುವುದನ್ನು ಯಾವಾಗ ಬಿಟ್ಟಳೋ, ನಾನಾಗಲಿ ಚಿಕ್ಕಮ್ಮನಾಗಲಿ ಗಮನಿಸಲಿಲ್ಲ. ಈಗ ಅವಳಿಗೆ ಸ್ಕೇಟಿಂಗ್ ಬೇಕು, ಬಳೆ ಬೇಕು, ಪಕ್ಕದ ಮನೆಯ ಗೆಳತಿ ಬೇಕು. ಕಸದ ಗಾಡಿ ಬಂದರೆ ನಾನೇ ಬಕೆಟ್ ಹಿಡಿದು ಹೋಗುತ್ತೇನೆ.

ಚಿಕ್ಕಮ್ಮನ ಭಾನುವಾರಗಳೂ ಹೋದ ವರ್ಷ ತಪ್ಪತೊಡಗಿದವು. ಕೇಳಿದರೆ ಬಿಸಿಲು ಅನ್ನುತ್ತಿದ್ದರು, ಮಳೆ ಅನ್ನುತ್ತಿದ್ದರು. ನಾನು ರಾಮಮೂರ್ತಿ ನಗರಕ್ಕೆ ಹೋದಾಗ ಕಡ್ಡಿ, ಉಂಡೆ ಯಾವುದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಯಾಕೆ ಎಂದರೆ "ಚಳಿ ಕಣೇ" ಅಂದರು. ಏಪ್ರಿಲ್ ತಿಂಗಳಲ್ಲಿ, ಬೆಂಗಳೂರಿನಲ್ಲಿ! ಅವರ ಮಾತೆಲ್ಲ ಹಾಗೇ ಎಂದು ಅದಕ್ಕೂ ನಕ್ಕಿದ್ದಾಯಿತು.

ಡಿಸೆಂಬರಿನ ಒಂದು ಭಾನುವಾರ ಹೇಳದೆ ಕೇಳದೆ ಆಟೋದಲ್ಲಿ ಬಂದಿಳಿದರು. ಅಳತೆಯ ದಾರ ತೆಗೆಯಲಿಲ್ಲ. ಬ್ಯಾಗಿನಿಂದ ಸ್ವೆಟರ್ ತೆಗೆದು ಮಗಳ ತೊಡೆಯ ಮೇಲಿಟ್ಟರು. ಪೂರ್ತಿ ಸ್ವೆಟರ್! ಎರಡೂ ತೋಳು, ಕತ್ತು, ಗುಂಡಿ ಎಲ್ಲ ಇತ್ತು. ಹಳದಿ ನೆಲದ ಮೇಲೆ ಹಸಿರು ಕಸದ ಗಾಡಿ, ಹಿಂದೆ ನೀಲಿ ಬಕೆಟ್, ಮೇಲೊಂದು ಕೆಂಪು ಹಾರ್ನ್.

ಹತ್ತಿರದಿಂದ ನೋಡಿದೆ. ಗಾಡಿಯ ಒಂದು ಚಕ್ರ ಚೌಕವಾಗಿತ್ತು. ಅಲ್ಲಲ್ಲಿ ಕುಣಿಕೆ ಸಡಿಲ, ಒಂದು ಕಡೆ ಸಾಲೇ ಸೊಟ್ಟ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಆನೆಯನ್ನೇ ಬಿಚ್ಚಿದವರು ಇದನ್ನು ಹೇಗೆ ಬಿಟ್ಟರು? ಇನ್ನೇನು ದಾರದ ತುದಿ ಹಿಡಿದು ಎಳೆಯುತ್ತಾರೆ ಎಂದು ಕಾದೆ. ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದರು. ಸೆರಗು ಸಣ್ಣಗೆ ಅಲುಗುತ್ತಿತ್ತು.

ಮಗಳು ಹಾಕಿಕೊಂಡಳು. ಸ್ವೆಟರ್ ಅವಳ ಮೊಣಕಾಲಿಗೆ ಬಂತು. ತೋಳಿನೊಳಗೆ ಕೈ ಎಲ್ಲಿದೆ ಎಂದು ಹುಡುಕಬೇಕಾಗಿತ್ತು.

"ಇದೇನು ಚಿಕ್ಕಮ್ಮ, ಇಷ್ಟು ದೊಡ್ಡದು?"

ಅವರು ನನ್ನ ಮುಖ ನೋಡಲಿಲ್ಲ.

"ಬೆಳೆಯೋ ಮಗು" ಅಂದರು.

ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಚಿಕ್ಕಮ್ಮ ಸೆರಗಿನಿಂದ ಕೈ ಹೊರಗೆ ತೆಗೆದು ತಾವೇ ನೋಡಿಕೊಂಡರು. ಬೆರಳುಗಳು ನಿಲ್ಲದೆ ನಡುಗುತ್ತಿದ್ದವು.

"ಡಾಕ್ಟ್ರು ಮಾತ್ರೆ ಕೊಟ್ಟಿದಾರೆ. ಪೂರ್ತಿ ನಿಲ್ಲಲ್ವಂತೆ. ಇನ್ನೊಂದು ಹೆಣೆಯೋಕೆ ಆಗಲ್ಲ ಕಣೇ, ಇದೇ ಕೊನೇದು. ಇವತ್ತಿನ ಅಳತೆಗೆ ಹೆಣೆದ್ರೆ ಮುಂದಿನ ವರ್ಷಕ್ಕೆ ಏನು ಹಾಕ್ಕೋತಾಳೆ? ಅದಕ್ಕೇ."

ಮಗಳು ಎದೆಯ ಮೇಲಿನ ಗಾಡಿಯನ್ನು ತಲೆ ಬಗ್ಗಿಸಿ ನೋಡಿದಳು. ಅವಳು ಒಳ್ಳೆಯ ಹುಡುಗಿ, ನಗಲಿಲ್ಲ.

"ಚಿಕ್ಕೋಳಿದ್ದಾಗ ನಂಗೆ ಇದು ತುಂಬಾ ಇಷ್ಟ ಇತ್ತು ಅಲ್ವಾ ಅಜ್ಜಿ?"

"ಹೂಂ ಕಂದ, ತುಂಬಾ ಇಷ್ಟ ಇತ್ತು" ಎಂದರು ಚಿಕ್ಕಮ್ಮ. "ಆವಾಗ್ಲೇ ಕೊಟ್ಬಿಡ್ಬೇಕಿತ್ತು. ಒಂದು ಬೆರಳು ಕಮ್ಮಿ ಇದ್ರೆ ಏನಾಗ್ತಿತ್ತು. ನಾನೇ ತಡ ಮಾಡ್ಬಿಟ್ಟೆ."

ಆನೆ, ಗಿಳಿ, ಎಷ್ಟೊಂದು ಕಸದ ಗಾಡಿಗಳು, ಎಲ್ಲವೂ ಅವರ ಕಡ್ಡಿಗಳ ಮೇಲೆ ಬಂದು ಹೋಗಿದ್ದವು. ಗೇಟಿಗೆ ಓಡುತ್ತಿದ್ದ ಮೂರು ವರ್ಷದ ಆ ಹುಡುಗಿ ಮಾತ್ರ ಒಂದನ್ನೂ ಹಾಕಿಕೊಳ್ಳಲಿಲ್ಲ. ಅವಳು ಹಾಕಿಕೊಂಡು ಓಡುವುದನ್ನು ಚಿಕ್ಕಮ್ಮ ನೋಡಲೂ ಇಲ್ಲ.

ಚಿಕ್ಕಮ್ಮ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ತೋಳು ಮಡಚತೊಡಗಿದರು. ನಡುಗುವ ಕೈಗೆ ಅದು ಸುಲಭವಿರಲಿಲ್ಲ. ನಾನು ಮುಂದೆ ಹೋದರೆ "ಇರು" ಎಂದರು. ಒಂದು ಸುತ್ತು, ಎರಡು ಸುತ್ತು, ಮೂರನೆಯದಕ್ಕೆ ಮಗಳ ಬೆರಳುಗಳು ಹೊರಗೆ ಬಂದವು. ಚಿಕ್ಕಮ್ಮ ಆ ಬೆರಳುಗಳನ್ನು ಹಾಗೇ ಹಿಡಿದುಕೊಂಡರು.

"ನಮ್ಮಮ್ಮ ದಿನಾ ಬೆಳಿಗ್ಗೆ ಹೀಗೇ ಮಡಚ್ತಿದ್ಲು" ಎಂದರು. "ಕೆಮ್ತಾ ಕೆಮ್ತಾ ಮಡಚೋಳು. ನಾನು ಮೂರನೇ ಕ್ಲಾಸಲ್ಲಿದ್ದಾಗ ಹೋದ್ಲು. ಸ್ವೆಟರ್ ಏಳನೇ ಕ್ಲಾಸಿನ ತನಕ ಬಂತು." ತೋಳಿನ ಮಡಿಕೆಯನ್ನು ಒಮ್ಮೆ ಸವರಿದರು. "ಅಳತೆ ಗೊತ್ತಿತ್ತು ಕಣೇ ಅವಳಿಗೆ. ನಂಗೇ ಗೊತ್ತಿರ್ಲಿಲ್ಲ. ಇಷ್ಟು ವರ್ಷ ಸುಮ್ಮನೆ ಬೈಕೊಂಡೇ ಬಂದೆ."

ಅತ್ತೆ ಒಳಗೆ ಹೋಗಿ ಕಾಫಿ ತಂದರು. ಅರ್ಧ ಲೋಟ ಮಾತ್ರ, ಚೆಲ್ಲದ ಹಾಗೆ.

ಈಗ ಮತ್ತೆ ಚಳಿ ಶುರುವಾಗಿದೆ. ಮಗಳು ಆ ಸ್ವೆಟರನ್ನು ಸ್ಕೂಲಿಗೆ ಹಾಕಿಕೊಂಡು ಹೋಗುವುದಿಲ್ಲ, ಗೆಳತಿಯರು ನಗುತ್ತಾರಂತೆ. ಮನೆಯಲ್ಲಿ ಹಾಕಿಕೊಳ್ಳುತ್ತಾಳೆ. ಮೊನ್ನೆ ತೋಳಿನ ಒಂದು ಮಡಿಕೆ ಬಿಚ್ಚಬೇಕಾಯಿತು. ಸಂಜೆ ಚಿಕ್ಕಮ್ಮನ ಫೋನ್ ಬಂತು. ಈಗ ಅವರು ಆರೋಗ್ಯ, ಓದು ಏನನ್ನೂ ಕೇಳುವುದಿಲ್ಲ.

"ಎಷ್ಟು ಮಡಿಕೆ ಇದೆ?"

"ಇನ್ನೂ ಎರಡು ಇದೆ ಚಿಕ್ಕಮ್ಮ."

"ನಿಧಾನಕ್ಕೆ ಬೆಳೀಲಿ ಅಂತ ಹೇಳು" ಎಂದರು. "ನಂಗೇನೂ ಅವಸರ ಇಲ್ಲ."